ಕ್ರೇಡಲ್‌ಗೆ ಕರೆಂಟು ಎಲ್ಲಿಂದ?

ಪಾರ್ಸೆಲ್ ಹಂಚುವ ವ್ಯಾನುಗಳಲ್ಲಿ, ಮಾಲು ಸಾಗಿಸುವ ಲಾರಿಗಳಲ್ಲಿ ಈಗ ಬಾರ್‌ಕೋಡ್ ಓದುವ ಹ್ಯಾಂಡ್‌ಹೆಲ್ಡ್ ಕಂಪ್ಯೂಟರ್ ಇಲ್ಲದೆ ಕೆಲಸ ಸಾಗುವುದು ಕಷ್ಟ. ಅದನ್ನು ಕೂರಿಸಿ ಚಾರ್ಜ್ ಮಾಡಲು ಡ್ಯಾಶ್‌ಬೋರ್ಡಿನ ಮೇಲೊಂದು ಕ್ರೇಡಲ್. ನಾಲ್ಕು ಸ್ಕ್ರೂ, ಎರಡು ವೈರು, ಅಷ್ಟೇ ತಾನೆ ಎನ್ನುವವರೇ ಹೆಚ್ಚು. ಸ್ಕ್ರೂ ಮಟ್ಟಿಗೆ ಅದು ನಿಜ. ತಕರಾರು ಶುರುವಾಗುವುದು ವೈರಿನಲ್ಲಿ.

“ಅಣ್ಣಾ, ಇದು 12 ವೋಲ್ಟಿಂದು. ಒಂದೇ ಬ್ಯಾಟ್ರಿಯಿಂದ ಎಳ್ಕೊಟ್ಬಿಡಿ.” ದೊಡ್ಡ ಲಾರಿಯವರು ಎಲೆಕ್ಟ್ರಿಷಿಯನ್‌ಗೆ ಹೇಳುವ ಮಾತಿದು. ಲಾರಿಯ 24 ವೋಲ್ಟ್ ಬರುವುದು ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸೀರೀಸ್‌ನಲ್ಲಿ ಜೋಡಿಸಿದ್ದರಿಂದ. ಆಲ್ಟರ್ನೇಟರ್ ಎರಡನ್ನೂ ಒಟ್ಟಾಗಿ ಸುಮಾರು 28 ವೋಲ್ಟಿನಲ್ಲಿ ಚಾರ್ಜ್ ಮಾಡುತ್ತದೆ. ಯಾವುದು ಎಷ್ಟು ಖಾಲಿಯಾಗಿದೆ ಎಂಬ ಲೆಕ್ಕ ಅದಕ್ಕಿಲ್ಲ. ಕ್ರೇಡಲ್ ದಿನವಿಡೀ ಒಂದರಿಂದಲೇ ತೆಗೆದುಕೊಂಡರೆ ಆ ಬ್ಯಾಟರಿ ಅರೆಹೊಟ್ಟೆಯಲ್ಲೇ ಉಳಿದು ಸಲ್ಫೇಟ್ ಕಟ್ಟುತ್ತದೆ. ಇನ್ನೊಂದಕ್ಕೆ ಹೆಚ್ಚಿನ ವೋಲ್ಟೇಜ್ ಬಿದ್ದು ಅದರ ನೀರು ಬತ್ತುತ್ತದೆ. ಕೊನೆಗೆ ಬೈಸಿಕೊಳ್ಳುವವನು ಬ್ಯಾಟರಿ ಅಂಗಡಿಯವನು! ಎಂಜಿನ್ ಓಡುವಾಗ ಮಲ್ಟಿಮೀಟರ್ ಹಿಡಿದು ನೋಡಿ: ಎರಡೂ 14ರ ಆಸುಪಾಸು ತೋರಿಸಬೇಕು. ಒಂದು 13, ಇನ್ನೊಂದು 15 ಎಂದರೆ ಯಾರೋ ನಡುವಿನಿಂದ ವೈರು ಎಳೆದಿರುವ ಸಂಶಯ ಪಡಬಹುದು. ಇದಕ್ಕೆ 24 ವೋಲ್ಟ್ ಅನ್ನು 12ಕ್ಕೆ ಇಳಿಸುವ ಕನ್ವರ್ಟರ್ ಸಿಗುತ್ತದೆ. ಎರಡನ್ನೂ ತಾಳುವ ಕ್ರೇಡಲ್‌ಗಳೂ ಇವೆ. ಲೇಬಲ್ ಓದಿದರೆ ಗೊತ್ತಾಗುತ್ತದೆ.

“ಮೈನಸ್ ವೈರು ತಾನೆ, ಗಾಡಿಯ ಬಾಡಿಗೆ ಜೋಡಿಸಿದರಾಯಿತು” ಎಂಬುದು ವ್ಯಾನಿನಲ್ಲಿ ನಡೆಯುತ್ತದೆ, ಬಣ್ಣ ಕೆರೆದು ಗಟ್ಟಿಯಾಗಿ ಬಿಗಿದರೆ. ಗೋದಾಮಿನ ಬ್ಯಾಟರಿ ಫೋರ್ಕ್‌ಲಿಫ್ಟ್‌ನಲ್ಲಿ ನಡೆಯುವುದಿಲ್ಲ. ಅಲ್ಲಿ ಬಾಡಿಗೂ ಬ್ಯಾಟರಿಗೂ ಸಾಮಾನ್ಯವಾಗಿ ಸಂಪರ್ಕವೇ ಇರುವುದಿಲ್ಲ, ಇರಲೂಬಾರದು. ಇನ್‌ಪುಟ್, ಔಟ್‌ಪುಟ್ ಬೇರೆಬೇರೆಯಾಗಿರುವ ಐಸೊಲೇಟೆಡ್ ಕನ್ವರ್ಟರ್ ಬೇಕು.

ಫ್ಯೂಸ್ ಇರುವುದು ಕ್ರೇಡಲ್ ಉಳಿಸಲು ಎಂಬ ನಂಬಿಕೆ ಮೆಕ್ಯಾನಿಕ್‌ಗಳಲ್ಲೂ ಇದೆ. ಅದು ಉಳಿಸುವುದು ವೈರನ್ನು. ಆದ್ದರಿಂದ ಅದರ ಜಾಗ ಬ್ಯಾಟರಿಯ ಪಕ್ಕ, ಒಂದು ಗೇಣಿನೊಳಗೆ. ಕ್ರೇಡಲ್ ಹತ್ತಿರ ಹಾಕಿದರೆ ನಡುವಿನ ವೈರಿಗೆ ರಕ್ಷಣೆಯೇ ಇಲ್ಲ; ತಗಡಿನ ಅಂಚಿಗೆ ಉಜ್ಜಿ ಸಿಪ್ಪೆ ಹೋದ ದಿನ ಹೊಗೆ ಏಳುತ್ತದೆ. ತೂತಿಗೆ ರಬ್ಬರ್ ಗ್ರಾಮೆಟ್ ಹಾಕಿ. ಇನ್ನು ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಳಚಿದರೆ 12 ವೋಲ್ಟಿನ ಗಾಡಿಯಲ್ಲೂ ಕ್ಷಣಮಾತ್ರ 100 ವೋಲ್ಟಿನವರೆಗೆ ಏರಬಹುದು. ಫ್ಯೂಸ್ ಕರಗುವಷ್ಟು ಹೊತ್ತು ಅದು ಕಾಯುವುದಿಲ್ಲ. ಆ ಹೊಡೆತ ತಡೆಯುವುದು ವಾಹನಕ್ಕೆಂದೇ ಮಾಡಿದ ಕನ್ವರ್ಟರ್. ಫುಟ್‌ಪಾತಿನ ಅಗ್ಗದ ಯುಎಸ್‌ಬಿ ಚಾರ್ಜರ್‌ನಿಂದ ಅದನ್ನು ನಿರೀಕ್ಷಿಸಬೇಡಿ.

“ಕ್ರೇಡಲ್ ಎಷ್ಟು ತಿಂದೀತು, ಯಾವಾಗಲೂ ಆನ್ ಇರಲಿ.” ಅರ್ಧ ಆಂಪಿಯರ್ ಎಂದೇ ಇಟ್ಟುಕೊಳ್ಳಿ. ಶನಿವಾರ ಸಂಜೆ ನಿಂತ ವ್ಯಾನು ಸೋಮವಾರ ಸಂಜೆ ಹೊರಡುವುದಾದರೆ 48 ಗಂಟೆಗೆ 24 ಆಂಪಿಯರ್-ಅವರ್; ಸಣ್ಣ ಗಾಡಿಯ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು. ಕೀ ಆನ್ ಆದಾಗ ಮಾತ್ರ ಕರೆಂಟು ಬರುವ ಲೈನಿಗೆ ಕೊಡಿ.

ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿ ಕಡೆ ಕೇಳಿಬರುವ ದೂರು ಬೇರೆ: “ಮಧ್ಯಾಹ್ನ ಚಾರ್ಜೇ ಆಗಲ್ಲ, ಕ್ರೇಡಲ್ ಕೆಟ್ಟಿದೆ.” ಸಂಜೆಗೆ ತಾನಾಗಿಯೇ ಸರಿಹೋದರೆ ಕೆಟ್ಟಿಲ್ಲ. ಲಿಥಿಯಂ ಬ್ಯಾಟರಿ 40–45 ಡಿಗ್ರಿ ದಾಟಿದರೆ ಸಾಧನವೇ ಚಾರ್ಜಿಂಗ್ ನಿಲ್ಲಿಸುತ್ತದೆ. ವಾಪಸ್ ಕಳಿಸುವ ಮೊದಲು ಗಾಜಿನ ಕೆಳಗಿನ ಬಿಸಿಲಿನಿಂದ ಇಳಿಸಿ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗ ತಪ್ಪಿಸಿ, ಗಾಳಿ ಬೀಸುವ ಕಿಂಡಿಯ ಎದುರು ಕೂರಿಸಿ ನೋಡಿ.