ಮೊದಲ ವರ್ಷದ ಆಟಗಾರರು: ಅವರನ್ನು ತೂಗುವ ಬಗೆ

ಇಂಡಿಯನ್ ಪ್ರೀಮಿಯರ್ ಲೀಗ್ ಎಂಬ ವೃತ್ತಿಪರ ಕ್ರಿಕೆಟ್ ಪಂದ್ಯಾವಳಿಯು ಮುಗಿಯುತ್ತ ಬಂದಂತೆ ನಮ್ಮ ಊರುಗಳಲ್ಲಿ ಒಂದು ಚರ್ಚೆಯು ತಪ್ಪದೆ ತಲೆಯೆತ್ತುವುದು. ಈ ಸಲ ಹೊಸದಾಗಿ ಕಣಕ್ಕಿಳಿದವರಲ್ಲಿ ಮೇಲಾದವನು ಯಾವನು? ಚಿಕ್ಕಬಳ್ಳಾಪುರದ ನ್ಯಾಯಾಲಯದ ಜಗುಲಿಯಲ್ಲಿಯೂ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿಯೂ, ಗೌರಿಬಿದನೂರಿನ ರೈಲು ನಿಲ್ದಾಣದಲ್ಲಿಯೂ, ಚಿಂತಾಮಣಿಯ ಅಂಗಡಿಬೀದಿಯಲ್ಲಿಯೂ ಈ ಪ್ರಶ್ನೆಗೆ ಉತ್ತರ ಹೇಳುವವರಿಗೆ ಕೊರತೆಯಿಲ್ಲ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ಮುಂದಿಡುವವರು ಕೆಲವರು. ಅಂಕಿಗಳನ್ನು ಬಾಯಿಪಾಠ ಮಾಡಿ ಒಪ್ಪಿಸುವವರು ಕೆಲವರು. ತಮ್ಮ ಮೆಚ್ಚಿನ ತಂಡದವನಲ್ಲದವನಲ್ಲಿ ಗುಣವನ್ನೇ ಕಾಣದವರು ಮತ್ತೆ ಕೆಲವರು.

ಇದನ್ನು ಬರಿಯ ಕಾಲಹರಣದ ಮಾತೆಂದು ತಳ್ಳಿಹಾಕುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ದೊಡ್ಡ ಪಂದ್ಯಗಳ ಹೊಸಬರನ್ನು ನಾವು ಯಾವ ಕೋಲಿನಿಂದ ಅಳೆಯುವೆವೋ ಅದೇ ಕೋಲಿನಿಂದ ನಮ್ಮ ಊರಿನ ಹದಿನೈದು ಹದಿನಾರು ವರ್ಷದ ಹುಡುಗರನ್ನೂ ಅಳೆಯುವೆವು. ಒಂದು ಶತಕ ಬಾರಿಸಿದವನಿಗೆ ಹಾರ, ಪೇಟ, ಸನ್ಮಾನ. ಅಷ್ಟರಲ್ಲಿಯೇ ಶಾಲೆಯನ್ನು ಬಿಡಿಸಿ ಬೆಂಗಳೂರಿಗೆ ಕಳುಹಿಸುವ ಆಲೋಚನೆ. ಎರಡು ಸಲ ಸೊನ್ನೆಗೆ ಮರಳಿದವನಿಗೆ ಮೂರನೆಯ ಪಂದ್ಯದಲ್ಲಿ ಸ್ಥಳವೇ ಇಲ್ಲ. ಅಳತೆಯಲ್ಲಿ ತಪ್ಪಾದರೆ ನಷ್ಟವನ್ನು ಅನುಭವಿಸತಕ್ಕವರು ಅಳೆದವರಲ್ಲ, ಹುಡುಗರು. ಆದುದರಿಂದ ಹೊಸಬರನ್ನು ಒಬ್ಬರೊಡನೊಬ್ಬರನ್ನು ಹೋಲಿಸುವ ಸರಿಯಾದ ಕ್ರಮವು ಯಾವುದೆಂಬುದನ್ನು ಒಂದು ನಿಜವಾದ ಉದಾಹರಣೆಯಿಂದ ವಿಚಾರಮಾಡುವುದು ಯುಕ್ತವಾಗಿದೆ.

ಮೊದಲು, ಹೊಸಬನೆಂದರೆ ಯಾರು ಎಂಬುದೇ ಅಷ್ಟು ಸುಲಭವಾದ ಪ್ರಶ್ನೆಯಲ್ಲ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ 2017-18ರ ಋತುವಿನಲ್ಲಿ ಇದೇ ವಿಷಯವಾಗಿ ದೊಡ್ಡ ವಾದವು ನಡೆಯಿತು. ಫಿಲಡೆಲ್ಫಿಯಾ ತಂಡದ ಬೆನ್ ಸಿಮನ್ಸ್ ಎಂಬುವರು 2016ರಲ್ಲಿಯೇ ಮೊದಲನೆಯವರಾಗಿ ಆಯ್ಕೆಯಾಗಿದ್ದರೂ ಕಾಲಿನ ಪೆಟ್ಟಿನಿಂದ ಒಂದು ವರ್ಷ ಆಡದೆ ಕುಳಿತಿದ್ದು, ಮರುವರ್ಷ ಹೊಸಬರೆಂದೇ ಲೆಕ್ಕಕ್ಕೆ ಬಂದರು. ಅವರ ಪ್ರತಿಸ್ಪರ್ಧಿಯಾದ ಯೂಟಾ ತಂಡದ ಡಾನವನ್ ಮಿಚೆಲ್ ಆ ವರ್ಷವೇ ಆಯ್ಕೆಯಾದವರು. ಮಿಚೆಲ್ ಪಂದ್ಯಕ್ಕೆ ಸರಾಸರಿ 20.5 ಅಂಕಗಳನ್ನು ಗಳಿಸಿದರು. ಸಿಮನ್ಸ್ ಗಳಿಸಿದ್ದು 15.8. ಆದರೆ ಸಿಮನ್ಸ್ ಸಂಗಡಿಗರಿಗೆ ಚೆಂಡನ್ನು ಒದಗಿಸಿ ಅಂಕ ಗಳಿಸಿಕೊಡುವುದರಲ್ಲಿಯೂ, ಬುಟ್ಟಿಗೆ ಬಡಿದು ಮರಳಿದ ಚೆಂಡನ್ನು ಹಿಡಿಯುವುದರಲ್ಲಿಯೂ ಪಂದ್ಯಕ್ಕೆ ಎಂಟೆಂಟರ ಮೇಲೆ ಸಾಧಿಸಿದ್ದರು. ತೀರ್ಪುಗಾರರಾದ 101 ಮಂದಿಯಲ್ಲಿ 90 ಮಂದಿ ಸಿಮನ್ಸ್ ಅವರಿಗೆ ಪ್ರಥಮ ಸ್ಥಾನವನ್ನು ಕೊಟ್ಟರು. ಒಂದು ವರ್ಷ ತಂಡದೊಡನೆ ಇದ್ದು ಕಲಿತವನನ್ನು ಹೊಸಬನೆನ್ನಬಹುದೆ ಎಂಬ ಪ್ರಶ್ನೆಯು ಮಾತ್ರ ತೀರ್ಪಿನಿಂದ ತೀರಲಿಲ್ಲ.

ನಮ್ಮ ಪ್ರೀಮಿಯರ್ ಲೀಗಿನಲ್ಲಿ ಮೊದಲ ವರ್ಷದವರಿಗೆಂದೇ ಪ್ರತ್ಯೇಕವಾದ ಪ್ರಶಸ್ತಿಯಿಲ್ಲ. ಇರುವುದು ಉದಯೋನ್ಮುಖ ಆಟಗಾರನ ಪ್ರಶಸ್ತಿ. 2018ರಲ್ಲಿ ಅದನ್ನು ಪಡೆದ ರಿಷಭ್ ಪಂತ್ ಅವರಿಗೆ ಅದು ಮೂರನೆಯ ಋತು. 2025ರಲ್ಲಿ ಪಡೆದ ಸಾಯಿ ಸುದರ್ಶನ್ ಅವರಿಗೆ ನಾಲ್ಕನೆಯದು. ಅಂತಹವರನ್ನು ನಿಜವಾದ ಹೊಸಬರೊಡನೆ ತೂಗುವುದು ಮೂರು ವರ್ಷದ ಹಿಪ್ಪುನೇರಳೆಯ ಗಿಡವನ್ನು ಈಚೆಗೆ ನೆಟ್ಟ ಕಡ್ಡಿಯೊಡನೆ ತೂಗಿದಂತೆ ಆಗುವುದು. ಆದುದರಿಂದ ಆ ಪಂದ್ಯಗಳಲ್ಲಿ ಮೊದಲ ಸಲ ಆಡಿದವರನ್ನಷ್ಟೆ ನಾವು ಇಲ್ಲಿ ಹೊಸಬರೆಂದು ಇಟ್ಟುಕೊಳ್ಳುವೆವು.

ಈ ದೃಷ್ಟಿಯಿಂದ ನೋಡಿದರೆ 2020ರ ಋತುವು ಬಹಳ ಉಪಯುಕ್ತವಾದುದು. ಕೋವಿಡ್ ರೋಗದ ದೆಸೆಯಿಂದ ಆ ವರ್ಷದ ಪಂದ್ಯಗಳು ಸೆಪ್ಟೆಂಬರ್ 19ರಿಂದ ನವೆಂಬರ್ 10ರ ವರೆಗೆ ದುಬೈ, ಅಬುಧಾಬಿ, ಶಾರ್ಜಾಗಳಲ್ಲಿ, ಪ್ರೇಕ್ಷಕರಿಲ್ಲದ ಮೈದಾನಗಳಲ್ಲಿ ನಡೆದುವು. ತವರಿನ ನೆಲದ ಅನುಕೂಲವಾಗಲಿ, ಜನರ ಜಯಘೋಷವಾಗಲಿ ಯಾರಿಗೂ ಇರಲಿಲ್ಲ. ಆ ವರ್ಷ ಮೂವರು ಹೊಸಬರು ಎಲ್ಲರ ಗಮನವನ್ನು ಸೆಳೆದರು: ಬೆಂಗಳೂರು ತಂಡದ ಕರ್ನಾಟಕದ ದಾಂಡಿಗ ದೇವದತ್ತ ಪಡಿಕ್ಕಲ್, ಚೆನ್ನೈ ತಂಡದ ಮಹಾರಾಷ್ಟ್ರದ ದಾಂಡಿಗ ಋತುರಾಜ್ ಗಾಯಕ್ವಾಡ್, ಪಂಜಾಬ್ ತಂಡದ ರಾಜಸ್ಥಾನದ ಲೆಗ್‌ಸ್ಪಿನ್ ಬೌಲರ್ ರವಿ ಬಿಷ್ಣೋಯಿ.

ಪಡಿಕ್ಕಲ್ ಅವರು ಹಿಂದಿನ ವರ್ಷವೂ ಬೆಂಗಳೂರು ತಂಡದಲ್ಲಿದ್ದರು. ಆದರೆ ಒಂದು ಪಂದ್ಯದಲ್ಲಿಯೂ ಅವರಿಗೆ ಅವಕಾಶ ದೊರೆತಿರಲಿಲ್ಲ. ಆ ನಡುವೆ 2019-20ರಲ್ಲಿ ಕರ್ನಾಟಕದ ಪರವಾಗಿ ವಿಜಯ ಹಜಾರೆ ಪಂದ್ಯಾವಳಿಯಲ್ಲಿ 609 ರನ್ನುಗಳನ್ನೂ, ಸೈಯದ್ ಮುಷ್ತಾಕ್ ಅಲಿ ಪಂದ್ಯಾವಳಿಯಲ್ಲಿ 580 ರನ್ನುಗಳನ್ನೂ ಗಳಿಸಿ, ಎರಡರಲ್ಲಿಯೂ ದೇಶಕ್ಕೇ ಮೊದಲಿಗರಾಗಿದ್ದರು. 2020ರ ಸೆಪ್ಟೆಂಬರ್ 21ರಂದು ದುಬೈಯಲ್ಲಿ ತಮ್ಮ ಮೊದಲ ಪಂದ್ಯದಲ್ಲಿಯೇ ಹೈದರಾಬಾದಿನ ಎದುರು 56 ರನ್ನು ಹೊಡೆದರು. ಋತುವು ಮುಗಿದಾಗ 15 ಪಂದ್ಯಗಳಲ್ಲಿ 473 ರನ್ನು, ಐದು ಅರ್ಧಶತಕ. ನೂರು ಚೆಂಡಿಗೆ ಸುಮಾರು 125 ರನ್ನಿನ ವೇಗ.

ಗಾಯಕ್ವಾಡ್ ಅವರ ವೃತ್ತಾಂತವೇ ಬೇರೆ. ದುಬೈಗೆ ಹೋದೊಡನೆ ಕೋವಿಡ್ ಸೋಂಕು ತಗಲಿ ಅವರು ಪ್ರತ್ಯೇಕವಾಗಿ ಇರಬೇಕಾಯಿತು, ಅಭ್ಯಾಸವು ಕೈತಪ್ಪಿತು. ಅವಕಾಶ ದೊರೆತ ಮೊದಲ ಮೂರು ಆಟಗಳಲ್ಲಿ ಅವರ ಗಳಿಕೆ 0, 5, 0. ಅಲ್ಲಿಗೆ ನಿಲ್ಲಿಸಿದ್ದರೆ ಆ ವರ್ಷದ ವಿಫಲರ ಪಟ್ಟಿಯಲ್ಲಿ ಅವರ ಹೆಸರು ಮೇಲೆಯೇ ಇರುತ್ತಿದ್ದಿತು. ತಂಡದವರು ಮತ್ತೆ ಮೂರು ಪಂದ್ಯಗಳಲ್ಲಿ ಆಡಿಸಿದರು. ಬೆಂಗಳೂರಿನ ಎದುರು ಔಟಾಗದೆ 65, ಕೊಲ್ಕತ್ತದ ಎದುರು 72, ಪಂಜಾಬಿನ ಎದುರು ಔಟಾಗದೆ 62. ಒಟ್ಟು ಆರು ಪಂದ್ಯಗಳಲ್ಲಿ 204 ರನ್ನು.

ಬಿಷ್ಣೋಯಿ ಅವರು ಅದೇ ವರ್ಷದ ಆರಂಭದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ 17 ವಿಕೆಟ್ಟುಗಳನ್ನು ಕಿತ್ತು ಬಂದಿದ್ದವರು. 14 ಪಂದ್ಯಗಳಲ್ಲಿ 12 ವಿಕೆಟ್ಟು. ಓವರಿಗೆ ಬಿಟ್ಟುಕೊಟ್ಟದ್ದು 7.37 ರನ್ನು. ಓವರಿಗೆ ಎಂಟು ರನ್ನು ಹೋಗುವುದು ಸಾಧಾರಣವಾಗಿರುವ ಈ ಚುಟುಕು ಆಟದಲ್ಲಿ, ಇಪ್ಪತ್ತು ವರ್ಷದ ಹುಡುಗನೊಬ್ಬನು ಅನುಭವಸ್ಥ ದಾಂಡಿಗರನ್ನು ಅಷ್ಟರಲ್ಲಿ ಹಿಡಿದಿಟ್ಟುದು ಸಣ್ಣ ಕೆಲಸವಲ್ಲ.

ಈ ಮೂವರಲ್ಲಿ ಮೇಲಾದವರು ಯಾರು? ಒಟ್ಟು ಗಳಿಕೆಯನ್ನು ನೋಡಿದರೆ ಪಡಿಕ್ಕಲ್; ಪ್ರಶಸ್ತಿಯೂ ಅವರಿಗೇ ಸಂದಿತು. ಪಂದ್ಯವೊಂದಕ್ಕೆ ಭಾಗಿಸಿದರೆ ಪಡಿಕ್ಕಲ್ ಅವರದು ಸುಮಾರು 31, ಗಾಯಕ್ವಾಡ್ ಅವರದು 34. ಇಷ್ಟರಿಂದ ಗಾಯಕ್ವಾಡ್ ಅವರೇ ಮೇಲೆನ್ನಲು ಹೊರಡುವವರು ಮತ್ತೊಂದು ಸಂಗತಿಯನ್ನು ಮರೆಯಬಾರದು. ಅವರ ಮೂರು ಅರ್ಧಶತಕಗಳು ಬಂದುದು ಚೆನ್ನೈ ತಂಡವು ಮುಂದಿನ ಸುತ್ತಿನ ಆಸೆಯನ್ನು ಬಹುಮಟ್ಟಿಗೆ ಕಳೆದುಕೊಂಡ ತರುವಾಯ. ಪಡಿಕ್ಕಲ್ ಅವರಾದರೋ ನಾಲ್ಕನೆಯ ಸ್ಥಾನಕ್ಕಾಗಿ ಕೊನೆಯವರೆಗೂ ಹೆಣಗಿದ ತಂಡದಲ್ಲಿ, ಪಂದ್ಯದಿಂದ ಪಂದ್ಯಕ್ಕೆ, ಮೊದಲ ಚೆಂಡನ್ನು ಎದುರಿಸುವ ಹೊಣೆಯನ್ನು ಹೊತ್ತವರು. ಐವತ್ತು ದಿನಗಳ ಋತುವಿನುದ್ದಕ್ಕೂ ಎದುರಾಳಿಗಳು ಹೊಸಬನ ದೌರ್ಬಲ್ಯವನ್ನು ಹುಡುಕುತ್ತಿರುವಾಗ ಗಳಿಸಿದ 473 ರನ್ನುಗಳಿಗೆ ತೂಕ ಹೆಚ್ಚು. ಆ ಋತುವಿನ ಮಟ್ಟಿಗೆ ತೀರ್ಪು ನ್ಯಾಯವಾದುದೆಂದೇ ನಾವು ಹೇಳುವೆವು.

ಆದರೆ ಆ ಋತುವಿನ ಮಟ್ಟಿಗೆ ಎಂಬ ಮಾತನ್ನು ವಾಚಕರು ಗಮನಿಸಬೇಕು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡಿನ ಹೊಳಪನ್ನು ಕಂಡು ಹರಾಜು ಕೂಗುವುದುಂಟು. ಆದರೆ ಎಷ್ಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಇಳಿಯುವುದೆಂಬುದು ಬಿಸಿನೀರಿನಲ್ಲಿ ಬೇಯಿಸಿ ಎಳೆ ತೆಗೆದಾಗಲೇ ತಿಳಿಯುವುದು. ಮುಂದಿನ ವರ್ಷಗಳು ಏನನ್ನು ತೋರಿಸಿದುವು? 2021ರಲ್ಲಿ ಗಾಯಕ್ವಾಡ್ 635 ರನ್ನು ಗಳಿಸಿ ಇಡೀ ಲೀಗಿಗೆ ಮೊದಲಿಗರಾದರು. ಅವರ ತಂಡವು ಕಪ್ಪನ್ನು ಗೆದ್ದಿತು. ಬಿಷ್ಣೋಯಿ 2022ರಲ್ಲಿ ಭಾರತದ ಪರ ಆಡಿ, 2023ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಚುಟುಕು ಆಟದ ಬೌಲರುಗಳ ಶ್ರೇಣಿಯಲ್ಲಿ ಪ್ರಥಮ ಸ್ಥಾನಕ್ಕೇರಿದರು. ಪಡಿಕ್ಕಲ್ 2021ರಲ್ಲಿ ಮುಂಬಯಿಯಲ್ಲಿ ರಾಜಸ್ಥಾನದ ಎದುರು ಔಟಾಗದೆ 101 ಹೊಡೆದು 411 ರನ್ನು ಗಳಿಸಿದರು. 2022ರಲ್ಲಿ ರಾಜಸ್ಥಾನ ತಂಡವು 7.75 ಕೋಟಿ ರೂಪಾಯಿಗೆ ಅವರನ್ನು ಕೊಂಡಿತು. ಬೆಲೆಯು ಏರಿತು; ಗಳಿಕೆಯು ಇಳಿಯಿತು. 2024ರಲ್ಲಿ ಲಖನೌ ತಂಡದಲ್ಲಿ ಏಳು ಪಂದ್ಯಗಳಿಂದ ಬಂದುದು 38 ರನ್ನು.

ಇಲ್ಲಿಗೆ ಕಥೆಯು ಮುಗಿಯಿತೆಂದು ತಿಳಿದವರೂ ತಪ್ಪಿದರು. ಅದೇ 2024ರ ಮಾರ್ಚಿಯಲ್ಲಿ ಧರ್ಮಶಾಲೆಯಲ್ಲಿ ಇಂಗ್ಲೆಂಡಿನ ಎದುರು ತಮ್ಮ ಮೊದಲ ಟೆಸ್ಟಿನಲ್ಲಿಯೇ ಅವರು 65 ರನ್ನು ಹೊಡೆದಿದ್ದರು. 2025ರಲ್ಲಿ 2 ಕೋಟಿ ರೂಪಾಯಿಗೆ ಬೆಂಗಳೂರು ತಂಡಕ್ಕೆ ಹಿಂದಿರುಗಿ, ಪೆಟ್ಟಾಗಿ ನಿಲ್ಲುವ ಮೊದಲು 10 ಪಂದ್ಯಗಳಲ್ಲಿ 247 ರನ್ನುಗಳನ್ನು, ನೂರು ಚೆಂಡಿಗೆ 150ರ ವೇಗದಲ್ಲಿ ಗಳಿಸಿದರು. ಆ ವರ್ಷ ಜೂನ್ 3ರಂದು ಬೆಂಗಳೂರು ತಂಡವು ಮೊದಲ ಸಲ ಕಪ್ಪನ್ನು ಗೆದ್ದಿತು. ಐದು ವರ್ಷಗಳಲ್ಲಿ ಈ ಆಟಗಾರನು ತನ್ನ ಆಟವನ್ನೇ ತಿದ್ದಿಕೊಂಡಿದ್ದನು. ಅದು ಮೊದಲ ವರ್ಷದ 473ರಲ್ಲಿ ಕಾಣತಕ್ಕ ಗುಣವಾಗಿರಲಿಲ್ಲ.

2020ರ ಋತುವೇ ಇನ್ನೊಂದು ಪಾಠವನ್ನೂ ಒಳಗೊಂಡಿದೆ. ಆ ವರ್ಷ ಲೀಗಿನಲ್ಲಿ ಎಲ್ಲರಿಗಿಂತಲೂ ಹೆಚ್ಚು, 670 ರನ್ನು ಗಳಿಸಿದವರು ನಮ್ಮವರೇ ಆದ ಕೆ.ಎಲ್. ರಾಹುಲ್. ಅವರು ಲೀಗಿಗೆ ಬಂದುದು 2013ರಲ್ಲಿ; ಆ ಮೊದಲ ವರ್ಷದಲ್ಲಿ ಹೆಸರಿಸತಕ್ಕಂತಹ ಗಳಿಕೆಯೇನೂ ಅವರಿಗಿರಲಿಲ್ಲ. ಹೊಸಬರ ಪಟ್ಟಿಯನ್ನು ಆಗ ಬರೆದಿದ್ದರೆ ಅವರ ಹೆಸರನ್ನು ಯಾರೂ ಸೇರಿಸುತ್ತಿರಲಿಲ್ಲ.

ಹಿಂದಿನ ತಲೆಮಾರಿನ ಸಾಕ್ಷ್ಯವೂ ಇದನ್ನೇ ಹೇಳುವುದು. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರು 1967ರಲ್ಲಿ ಹದಿನೆಂಟು ವರ್ಷದವರಾಗಿ ಮೈಸೂರಿನ ಪರ ತಮ್ಮ ಮೊದಲ ರಣಜಿ ಪಂದ್ಯದಲ್ಲಿಯೇ ಆಂಧ್ರದ ಎದುರು 230 ರನ್ನು ಹೊಡೆದರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಅವರ ಮೊದಲ ಟೆಸ್ಟು; ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಅವರಿಗಿಂತ ಮುಂಚೆ ಭಾರತದ ಪರ ಮೊದಲ ಟೆಸ್ಟಿನಲ್ಲಿಯೇ ಶತಕ ಹೊಡೆದವರು ಐವರು: 1933ರಲ್ಲಿ ಲಾಲಾ ಅಮರನಾಥ್, 1952ರಲ್ಲಿ ದೀಪಕ್ ಶೋಧನ್, 1955ರಲ್ಲಿ ಕೃಪಾಲ್ ಸಿಂಗ್, 1959ರಲ್ಲಿ ಅಬ್ಬಾಸ್ ಅಲಿ ಬೇಗ್, 1964ರಲ್ಲಿ ಹನುಮಂತ ಸಿಂಗ್. ಈ ಐವರಲ್ಲಿ ಒಬ್ಬರಿಗೂ ಎರಡನೆಯ ಟೆಸ್ಟ್ ಶತಕವು ದೊರೆಯಲಿಲ್ಲ. ಆ ಸಾಲನ್ನು ಮುರಿದವರು ವಿಶ್ವನಾಥ್. ಅವರಿಗೂ ಎರಡನೆಯ ಶತಕವು ದಕ್ಕಿದುದು 1973ರಲ್ಲಿ, ಮೂರು ವರ್ಷಕ್ಕೂ ಮೀರಿ ಕಾದ ಮೇಲೆ. ಒಟ್ಟು 14 ಶತಕ, 6080 ರನ್ನುಗಳ ದೊಡ್ಡ ಕಟ್ಟಡವು ಎದ್ದುದು ಆ ಕಾದ ವರ್ಷಗಳ ಮೇಲೆ.

ಇನ್ನು ನಮ್ಮ ಜಿಲ್ಲೆಯ ಮಾತು. 2024ರ ಜನವರಿ 18ರಂದು ಮುದ್ದೇನಹಳ್ಳಿಯ ಸತ್ಯ ಸಾಯಿ ಗ್ರಾಮದ ಮೈದಾನದಲ್ಲಿ ಸಚಿನ್ ತೆಂಡುಲ್ಕರ್ ಮತ್ತು ಯುವರಾಜ್ ಸಿಂಗ್ ಇವರ ನಾಯಕತ್ವದಲ್ಲಿ ಎರಡು ತಂಡಗಳು ಆಡಿದುವು. ಅಂತಹ ಆಟಗಾರರು ನಮ್ಮ ಸೀಮೆಗೆ ಬಂದರೆಂಬ ಸಂತೋಷವು ಸಹಜವೇ. ಆ ತೆಂಡುಲ್ಕರ್ ಅವರೂ ಒಂದು ದಿನದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಮೊದಲ ಎರಡು ಸಲ ಸೊನ್ನೆಗೆ ಔಟಾದವರೆಂಬುದನ್ನೂ, ಅದರಲ್ಲಿ ಮೊದಲ ಶತಕವನ್ನು ಕಂಡುದು 1994ರಲ್ಲಿ, 79ನೆಯ ಪಂದ್ಯದಲ್ಲಿ ಎಂಬುದನ್ನೂ ನಮ್ಮ ಹುಡುಗರಿಗೆ ಹೇಳುವವರು ಬೇಕು. ಹುಡುಗರಿಗಿಂತ ಹೆಚ್ಚಾಗಿ ಅವರ ತಂದೆಗಳಿಗೆ ಹೇಳುವವರು ಬೇಕು.

ಆದುದರಿಂದ ನಮ್ಮ ನಾಲ್ಕು ಊರುಗಳ ಶಾಲೆಗಳ ಮುಖ್ಯೋಪಾಧ್ಯಾಯರಿಗೂ, ಕ್ರೀಡಾಸಂಘಗಳ ಕಾರ್ಯದರ್ಶಿಗಳಿಗೂ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧಿಕಾರಿಗಳಿಗೂ ಮೂರು ಸೂಚನೆಗಳನ್ನು ಮಾಡಲಿಚ್ಛಿಸುವೆವು. ಮೊದಲನೆಯದು, ತಂಡಕ್ಕೆ ಸೇರಿಸಿಕೊಂಡ ಹೊಸ ಹುಡುಗನಿಗೆ ಕಡಮೆಯೆಂದರೆ ಆರು ಪಂದ್ಯಗಳನ್ನು ಕೊಡದೆ ಅವನನ್ನು ಕೈಬಿಡಬಾರದು. ಗಾಯಕ್ವಾಡ್ ಅವರ ಗುಣವು ಹೊರಬಿದ್ದುದು ನಾಲ್ಕನೆಯ ಆಟದಲ್ಲಿ. ಎರಡನೆಯದು, ಪ್ರತಿ ಪಂದ್ಯದ ಲೆಕ್ಕದ ಪುಸ್ತಕದಲ್ಲಿ ರನ್ನು ವಿಕೆಟ್ಟುಗಳ ಜೊತೆಗೆ ನೆಲವು ಹಾಸಿನದೋ ಮಣ್ಣಿನದೋ, ಚೆಂಡು ಟೆನಿಸಿನದೋ ತೊಗಲಿನದೋ, ಹುಡುಗನು ಎಷ್ಟನೆಯವನಾಗಿ ಆಡಲು ಹೋದನು, ಎದುರಾಳಿಗಳು ಯಾರು ಎಂಬಿಷ್ಟನ್ನು ಬರೆದಿಡಬೇಕು. ಇವುಗಳಿಲ್ಲದೆ ಚಿಂತಾಮಣಿಯ ಹುಡುಗನ 80 ರನ್ನನ್ನು ಗೌರಿಬಿದನೂರಿನ ಹುಡುಗನ 40 ರನ್ನಿನೊಡನೆ ಹೋಲಿಸುವುದಕ್ಕೆ ಆಧಾರವೇ ಇಲ್ಲ. ಮೂರನೆಯದು, ಸನ್ಮಾನವೂ ಶಾಲೆಯನ್ನು ಬಿಡಿಸುವ ಆಲೋಚನೆಯೂ ಎರಡನೆಯ ವರ್ಷದ ಲೆಕ್ಕವನ್ನು ನೋಡಿದ ಮೇಲೆ ಬರಲಿ.

ಇದಕ್ಕೆ ಸರಕಾರದ ವಿಶೇಷವಾದ ಧನಸಹಾಯವೇನೂ ಬೇಕಾಗಿಲ್ಲ. ಮುಂದಿನ ಪಂದ್ಯಾವಳಿಗಳ ವ್ಯವಸ್ಥೆಯು ಆರಂಭವಾಗುವ ಮುನ್ನ ಸಂಬಂಧಪಟ್ಟ ಮಹನೀಯರು ಒಂದು ಕಡೆ ಸೇರಿ ಈ ವಿಷಯವನ್ನು ಪರ್ಯಾಲೋಚಿಸುವರೆಂದು ನಂಬಿರುವೆವು.