ಲೆಕ್ಕದ ಪುಸ್ತಕದಲ್ಲಿ ಚಿಗರಿಗೂ ಒಂದು ಪುಟ



ನಮ್ಮ ಕಡೆಯ ರೈತರ ಮನೆಯಲ್ಲಿ ಒಂದು ಲೆಕ್ಕದ ಪುಸ್ತಕ ಇದ್ದೇ ಇರುತ್ತದೆ. ಗೋಡೆಯ ಗೂಡಿನಲ್ಲೋ, ಟ್ರಂಕಿನ ಮೇಲೋ, ಕ್ಯಾಲೆಂಡರಿನ ಹಿಂದೆಯೋ ಅದರ ಜಾಗ. ಬೀಜಕ್ಕೆ ಎಷ್ಟು, ಗೊಬ್ಬರಕ್ಕೆ ಎಷ್ಟು, ಕಳೆ ತೆಗೆದವರಿಗೆ ಎಷ್ಟು ಕೂಲಿ, ಆದೋನಿ ಮಾರುಕಟ್ಟೆಗೆ ಒಯ್ದ ಹತ್ತಿ ಎಷ್ಟು ಕ್ವಿಂಟಲ್ ತೂಗಿತು, ಎಲ್ಲವೂ ಅದರಲ್ಲಿ ದಾಖಲು. ಆದರೆ ಅದೇ ಹೊಲದಲ್ಲಿ ಬೆಳಗಿನ ಜಾವ ಮೇಯ್ದು ಹೋದ ಚಿಗರಿ ಹಿಂಡು, ಬದುವಿನ ಮೇಲೆ ಕೂಗಿದ ಕೌಜುಗ, ಬಾವಿಯ ಕಟ್ಟೆಯ ಮೇಲೆ ಕುಳಿತ ನೀಲಕಂಠ ಇವುಗಳಿಗೆ ಆ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಆ ಸಾಲನ್ನು ಬರೆದಿಡಿ ಎಂದು ಕೇಳಿಕೊಳ್ಳುವುದೇ ಈ ಲೇಖನದ ಉದ್ದೇಶ.

ಹೀಗೆ ಹೇಳಿದಾಗ ಆಲೂರು ಕಡೆಯ ರೈತರೊಬ್ಬರು ನಕ್ಕು ಕೇಳಿದ್ದರು: "ಫಾದರ್, ಚಿಗರಿ ಬಂದದ್ದು ಬರೆದಿಟ್ರ ಬೆಳಿ ಉಳೀತೈತೇನ್ರಿ?" ಪ್ರಶ್ನೆ ನ್ಯಾಯವಾದದ್ದು. ಉತ್ತರ ಸ್ವಲ್ಪ ಉದ್ದವಿದೆ.

ಮೊದಲು ನಮ್ಮ ನೆಲದ ಮಾತು. ಆದೋನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅವು ಕರ್ನೂಲು ಜಿಲ್ಲೆಗೆ ಸೇರಿದವು. ಬಳ್ಳಾರಿ ಮೈಸೂರಿಗೆ ಹೋಯಿತು. ಗಡಿ ಗೆರೆ ಮನುಷ್ಯರ ನಡುವೆ ಬಿತ್ತು, ಎರೆ ಮಣ್ಣಿನ ನಡುವೆ ಬೀಳಲಿಲ್ಲ. ಸಿರುಗುಪ್ಪದ ಎರೆ ಹೊಲ, ಹೊಳಗುಂದದ ಎರೆ ಹೊಲ ಎರಡೂ ಒಂದೇ ಬಣ್ಣ. ಹೀಗಾಗಿ ನಮ್ಮ ಮನೆಗಳಲ್ಲಿ ಒಂದೊಂದು ಪ್ರಾಣಿಗೂ ಎರಡೆರಡು ಹೆಸರು. ಅವ್ವ ಚಿಗರಿ ಎನ್ನುತ್ತಾಳೆ, ಶಾಲೆಗೆ ಹೋಗುವ ಮಗ ಜಿಂಕ ಎನ್ನುತ್ತಾನೆ. ನಮಗೆ ನೀಲಕಂಠ, ಪಕ್ಕದ ಮನೆಯವರಿಗೆ ಪಾಲಪಿಟ್ಟ. ಈ ಎರಡೂ ಹೆಸರು ಗೊತ್ತಿರುವುದು ನಮ್ಮ ಭಾಗ್ಯ. ಏಕೆಂದು ಮುಂದೆ ಹೇಳುತ್ತೇನೆ.

ಚಿಗರಿ ಎಂಬ ತಲೆನೋವು

ಚಿಗರಿ ಎಂದರೆ ಕೃಷ್ಣಮೃಗ. ಕಾಡಿನ ಪ್ರಾಣಿಯಲ್ಲ, ಬಯಲಿನ ಪ್ರಾಣಿ. ಗಂಡಿಗೆ ತಿರುಚಿದ ಕೊಂಬು, ವಯಸ್ಸಾದಂತೆ ಬೆನ್ನು ಕಪ್ಪಾಗುತ್ತದೆ. ಹೆಣ್ಣು ಕಂದು ಬಣ್ಣ, ಸಾಮಾನ್ಯವಾಗಿ ಕೊಂಬಿಲ್ಲ. 2018ರಿಂದ ಹೊಸ ಆಂಧ್ರಪ್ರದೇಶದ ರಾಜ್ಯಪ್ರಾಣಿಯೂ ಅದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿ ಅದರ ಹೆಸರಿದೆ, ಎಂದರೆ ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ ಇದೆ.

ಕಾಯ್ದೆ ಚಿಗರಿಯನ್ನು ಕಾಯುತ್ತದೆ, ರೈತನನ್ನು ಯಾರು ಕಾಯಬೇಕು? ಮುಂಗಾರು ಮಳೆಗೆ ಬಿತ್ತಿದ ಶೇಂಗಾ, ಹತ್ತಿ, ಹಿಂಗಾರಿನ ಕಡಲೆ, ಜೋಳ ಇವು ಗೇಣುದ್ದ ಏಳುವ ಮುಂಚೆಯೇ ಹಿಂಡು ಬಂದು ಚಿಗುರು ಕಚ್ಚಿ ಹೋಗುತ್ತದೆ. ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. ಮತ್ತೆ ಬಿತ್ತಬೇಕೆಂದರೆ ಹದ ಹೋಗಿರುತ್ತದೆ, ಬೀಜಕ್ಕೆ ಮತ್ತೆ ಸಾಲ. ಪಟ್ಟಣದಲ್ಲಿ ಕುಳಿತು ಚಿಗರಿಯ ಚೆಲುವನ್ನು ಹೊಗಳುವವರು ಒಂದು ರಾತ್ರಿ ಹೊಲದಲ್ಲಿ ಕಂಬಳಿ ಹೊದ್ದು ತಗಡು ಬಡಿದು ನೋಡಬೇಕು.

ಇಲ್ಲಿಯೇ ಪುಸ್ತಕದ ಕೆಲಸ ಶುರುವಾಗುತ್ತದೆ. "ಪ್ರತಿ ವರ್ಷ ಬರ್ತಾವ್ರಿ, ಎಲ್ಲ ತಿಂದು ಹೋಗ್ತಾವ್ರಿ" ಎಂದು ಕಚೇರಿಯಲ್ಲಿ ಹೇಳಿದರೆ ಅದು ಬರೀ ಅಳಲಾಗಿ ಉಳಿಯುತ್ತದೆ. ಇಂಥ ತಾರೀಕು, ಇಂಥ ಸರ್ವೆ ನಂಬರಿನ ಹೊಲ, ಬಿತ್ತಿ ಹದಿನೈದನೆಯ ದಿನ, ಬೆಳಿಗ್ಗೆ ಐದೂವರೆಗೆ, ಹೆಣ್ಣು ಮರಿ ಸೇರಿ ಇಪ್ಪತ್ತೆರಡು, ತೆಂಕಣ ಬದುವಿನಿಂದ ಬಂದವು, ಮೂರು ಸಾಲು ಹೋಯಿತು ಎಂದು ಬರೆದಿದ್ದರೆ, ಜೊತೆಗೆ ಮೊಬೈಲಿನ ಒಂದು ಚಿತ್ರವಿದ್ದರೆ, ಅದು ದಾಖಲೆ. ಪರಿಹಾರ ಕೇಳುವ ಅರ್ಜಿಗೆ ಅದು ಬೆನ್ನೆಲುಬು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಎರಡು ಮೂರು ವರ್ಷದ ಪುಟಗಳನ್ನು ಒಟ್ಟಿಗೆ ತೆರೆದು ನೋಡಿದರೆ ಹಿಂಡು ಯಾವ ವಾರಗಳಲ್ಲಿ, ಯಾವ ದಾರಿಯಿಂದ ಬರುತ್ತದೆ ಎಂಬುದು ತಾನೇ ಕಾಣತೊಡಗುತ್ತದೆ. ಇಡೀ ಹಂಗಾಮು ನಿದ್ದೆಗೆಡುವ ಬದಲು ನಾಲ್ಕು ಹೊಲದವರು ಸೇರಿ ಆ ವಾರಗಳಲ್ಲಿ ಸರದಿಯ ಮೇಲೆ ಕಾವಲು ಇರಬಹುದು. ತಂತಿಗೆ ಕರೆಂಟ್ ಬಿಡುವ ಯೋಚನೆ ಮಾತ್ರ ಬೇಡ. ಅದಕ್ಕೆ ಚಿಗರಿಗಿಂತ ಮೊದಲು ಮನುಷ್ಯರೇ ಬಲಿಯಾದ ಸುದ್ದಿಯನ್ನು ನಾವೆಲ್ಲ ಕೇಳಿದ್ದೇವೆ.

ಬರೆದಿಟ್ಟವರಿಂದ ಗೊತ್ತಾದದ್ದು

ಐವತ್ತು ದಾಟಿದವರಿಗೆ ರಣಹದ್ದು ನೆನಪಿರುತ್ತದೆ. ಎತ್ತು ಸತ್ತರೆ ಊರಾಚೆ ಎಳೆದು ಹಾಕುವುದೇ ತಡ, ಎಲ್ಲಿಂದಲೋ ಇಳಿದು ಬಂದು ಬರೀ ಎಲುಬು ಉಳಿಸುತ್ತಿದ್ದವು. ಆಮೇಲೆ ಅವು ಕಾಣಲಿಲ್ಲ. ಯಾವ ವರ್ಷದಿಂದ ಕಾಣಲಿಲ್ಲ ಎಂದು ಕೇಳಿ ನೋಡಿ, ಯಾರೂ ಹೇಳಲಾರರು. ರಾಜಸ್ಥಾನದ ಭರತಪುರದಲ್ಲಿ ಮಾತ್ರ ಅದಕ್ಕೆ ಉತ್ತರವಿತ್ತು. ಅಲ್ಲಿನ ಕೇವಲಾದೇವ್ ಉದ್ಯಾನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಅವರು 1980ರ ದಶಕದಲ್ಲೇ ರಣಹದ್ದುಗಳನ್ನು ಎಣಿಸಿ ಬರೆದಿಟ್ಟಿದ್ದರು. 1990ರ ದಶಕದ ಕೊನೆಗೆ ಮತ್ತೆ ಎಣಿಸಿದಾಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಾಯವಾಗಿದ್ದವು. ಹಳೆಯ ಲೆಕ್ಕ ಇದ್ದುದರಿಂದ ಹೊಸ ಲೆಕ್ಕಕ್ಕೆ ಅರ್ಥ ಬಂತು. ಕಾರಣ ಹುಡುಕುತ್ತಾ ಹೋದವರಿಗೆ 2004ರ ಹೊತ್ತಿಗೆ ಸಿಕ್ಕಿದ್ದು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ. ಆ ಔಷಧ ಪಡೆದು ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಅದೂ ಸಾಯುತ್ತಿತ್ತು. 2006ರಲ್ಲಿ ಭಾರತ ಸರ್ಕಾರ ಪಶುಗಳಿಗೆ ಆ ಔಷಧ ನಿಷೇಧಿಸಿತು. ಅದೇ ಬಗೆಯ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್‌ಗಳಿಗೆ 2023ರಲ್ಲಿ ನಿಷೇಧ ಬಂತು. ದನಕ್ಕೆ ನೋವಿನ ಸೂಜಿ ಹಾಕಿಸುವಾಗ ಮೆಲಾಕ್ಸಿಕ್ಯಾಮ್ ಇದೆಯೇ ಎಂದು ವೈದ್ಯರನ್ನು ಕೇಳಿ. ಅದು ಹದ್ದಿಗೆ ಅಪಾಯವಿಲ್ಲದ್ದು ಎಂದು ಪರೀಕ್ಷೆಯಾಗಿದೆ.

ಎರೆಭೂತದ ಕಥೆ

ನಮ್ಮ ಎರೆ ನೆಲದ್ದೇ ಆದ ಇನ್ನೊಂದು ಹಕ್ಕಿ ಎರೆಭೂತ. ತೆಲುಗಿನಲ್ಲಿ ಬಟ್ಟಮೇಕ ಪಿಟ್ಟ. ಒಂದು ಮೀಟರಿನಷ್ಟು ಎತ್ತರ, ಗಂಡು ಹದಿನೈದು ಕಿಲೋವರೆಗೂ ತೂಗುವ, ಆದರೂ ಹಾರುವ ಹಕ್ಕಿ! ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬಯಲು ನೆಲದ ಮೇಲೆ. ನಮ್ಮ ಜಿಲ್ಲೆಯ ನಂದಿಕೊಟ್ಕೂರು ಕಡೆಯ ರೋಳ್ಳಪಾಡಿನಲ್ಲಿ (2022ರ ವಿಭಜನೆಯ ನಂತರ ಅದು ನಂದ್ಯಾಲ ಜಿಲ್ಲೆ) 1988ರಲ್ಲಿ ಈ ಹಕ್ಕಿಗಾಗಿಯೇ ಅಭಯಾರಣ್ಯ ಘೋಷಣೆಯಾಯಿತು. ವಿಸ್ತೀರ್ಣ 614 ಹೆಕ್ಟೇರ್. ಅಸದ್ ರಹಮಾನಿ, ರಂಜಿತ್ ಮನಕಡನ್ ಮುಂತಾದವರು ಅಲ್ಲಿ ವರ್ಷಗಟ್ಟಲೆ ಬಿಸಿಲಲ್ಲಿ ಕುಳಿತು ಹಕ್ಕಿಗಳನ್ನು ಗಮನಿಸಿ ಬರೆದರು.

ಅವರು ಬರೆದದ್ದರಲ್ಲಿ ಕಾಣುವ ಚಿತ್ರ ನಮಗೆಲ್ಲ ಪಾಠದಂತಿದೆ. ಬೇಲಿಯೊಳಗಿನ ಹುಲ್ಲಿನಲ್ಲಿ ಬೆರಳೆಣಿಕೆಯಷ್ಟಿದ್ದ ಚಿಗರಿ ಹೆಚ್ಚುತ್ತಾ ನೂರಾರಾಯಿತು. ಎರೆಭೂತ ಮಾತ್ರ ಕಡಿಮೆಯಾಗುತ್ತಾ ಹೋಯಿತು. ಅದಕ್ಕೆ ಬೇಲಿಯೊಳಗಿನ ಹುಲ್ಲು ಸಾಲದು. ಸುತ್ತಲಿನ ರೈತರ ಜೋಳ, ಶೇಂಗಾದ ಒಣ ಹೊಲಗಳೂ ಬೇಕು. ನೀರಾವರಿ ಬಂತು, ಬೆಳೆ ಬದಲಾಯಿತು. ಹೆಚ್ಚಿದ ಚಿಗರಿ ಬೇಲಿ ದಾಟಿ ಹೊಲಕ್ಕೆ ಇಳಿಯಿತು, ಊರಿನವರಿಗೆ ಅಭಯಾರಣ್ಯದ ಮೇಲೆಯೇ ಸಿಟ್ಟು ಬಂತು. ಅವರನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ. ನೀರು ಬಂದಾಗ ಬೇಡವೆನ್ನುವ ರೈತ ರಾಯಲಸೀಮೆಯಲ್ಲಿ ಹುಟ್ಟಿಲ್ಲ. 2011ರಿಂದ ಎರೆಭೂತ ಜಗತ್ತಿನ ಅತ್ಯಂತ ಅಪಾಯದಲ್ಲಿರುವ ಪಕ್ಷಿಗಳ ಪಟ್ಟಿಯಲ್ಲಿದೆ. ಉಳಿದವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ. ಕರ್ನಾಟಕದಲ್ಲಿ ಅದನ್ನು ಕಂಡ ಕೊನೆಯ ನೆಲೆಗಳಲ್ಲಿ ಒಂದು ನಮ್ಮ ಪಕ್ಕದ ಸಿರುಗುಪ್ಪ. ಆದ್ದರಿಂದ ಹೊಳಗುಂದ, ಹಾಲಹರ್ವಿ ಕಡೆಯ ಅಜ್ಜಂದಿರನ್ನು ಕೇಳಿ: ಎರೆಭೂತ ನೋಡಿದ್ದೀರಾ? ಯಾವ ಹೊಲದಲ್ಲಿ? ಯಾವ ವರ್ಷ, ಅಥವಾ ಯಾರ ಮದುವೆಯ ವರ್ಷ? ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. ಅಜ್ಜನ ಜೊತೆಗೆ ಅದೂ ಮಣ್ಣಾಗಬಾರದು.

ಎರಡು ಹೆಸರು ಗೊತ್ತಿರುವುದು ಭಾಗ್ಯ ಎಂದೆನಲ್ಲ, ಅದರ ಕಾರಣ ಕಡಪದಲ್ಲಿದೆ. ಜೆರ್ಡನ್ ಎಂಬ ಆಂಗ್ಲ ವೈದ್ಯ 1848ರಲ್ಲಿ ಲೋಕಕ್ಕೆ ತಿಳಿಸಿದ ಒಂದು ಓಡುವ ಹಕ್ಕಿ 1900ರ ನಂತರ ಯಾವ ವಿಜ್ಞಾನಿಯ ಕಣ್ಣಿಗೂ ಬೀಳದೆ, ನಿರ್ನಾಮವಾಯಿತೆಂದೇ ತಿಳಿದಿದ್ದರು. ಅದು ಮತ್ತೆ ಸಿಕ್ಕಿದ್ದು 1986ರ ಜನವರಿಯಲ್ಲಿ, ಕಡಪ ಜಿಲ್ಲೆಯ ಮುಳ್ಳುಕಂಟಿಯ ನಡುವೆ. ಕೈಗೆ ಹಿಡಿದು ತಂದವನು ಹಕ್ಕಿ ಹಿಡಿಯುವ ಒಬ್ಬ ಹಳ್ಳಿಗ. ಆ ಊರಿನವರಿಗೆ ಅದರ ಹೆಸರು ಮೊದಲೇ ಗೊತ್ತಿತ್ತು: ಕಲಿವಿ ಕೋಡಿ. ಪಂಡಿತರ ಪುಸ್ತಕದಲ್ಲಿ ಸತ್ತ ಹಕ್ಕಿ ಹಳ್ಳಿಯ ಮಾತಿನಲ್ಲಿ ಬದುಕಿತ್ತು! ನಿಮ್ಮ ಮನೆಯ ಹಿರಿಯರು ಯಾವುದಾದರೂ ಹಕ್ಕಿಗೆ, ಹಾವಿಗೆ, ಹುಳುವಿಗೆ ಬೇರೆಲ್ಲೂ ಕೇಳದ ಹೆಸರು ಹೇಳಿದರೆ ತಿದ್ದಬೇಡಿ, ಮೊದಲು ಬರೆದುಕೊಳ್ಳಿ.

ಬರೆಯುವುದು ಹೇಗೆ?

ದುಬಾರಿ ಕ್ಯಾಮೆರಾ ಬೇಕಿಲ್ಲ. ಇಪ್ಪತ್ತು ರೂಪಾಯಿಯ ನೋಟ್‌ಬುಕ್, ದಾರ ಕಟ್ಟಿದ ಪೆನ್ಸಿಲ್ ಸಾಕು (ಪೆನ್ನಿನ ಮಸಿ ಮಳೆಗೆ ಕರಗುತ್ತದೆ). ತಾರೀಕು, ವೇಳೆ, ಹೊಲದ ಹೆಸರು, ಕಂಡದ್ದು ಏನು, ಎಷ್ಟು, ಏನು ಮಾಡುತ್ತಿತ್ತು, ಕಂಡವರು ಯಾರು. ಹೆಸರು ಗೊತ್ತಿಲ್ಲದಿದ್ದರೆ "ಸಣ್ಣ ನರಿ, ಬಾಲದ ತುದಿ ಕಪ್ಪು, ಬಿಲಕ್ಕೆ ನಾಲ್ಕೈದು ಬಾಯಿ" ಎಂದು ಬರೆಯಿರಿ. ಆ ವಿವರ ನೋಡಿ ತಿಳಿದವರು ಹೆಸರು ಹೇಳುತ್ತಾರೆ. ಊಹಿಸಿ ಹೆಸರು ಬರೆಯುವುದಕ್ಕಿಂತ ಕಂಡದ್ದನ್ನು ಬರೆಯುವುದು ಲೇಸು. ಏನೂ ಕಾಣದ ದಿನ "ಏನೂ ಇಲ್ಲ" ಎಂದು ಬರೆಯುವುದೂ ಮುಖ್ಯ. ಭರತಪುರದ ಲೆಕ್ಕ ಮಾತಾಡಿದ್ದು ಅಂಥ ಸಾಲುಗಳಿಂದಲೇ.

ಯಾವುದನ್ನು ನೋಡಬೇಕು? ಚಳಿಗಾಲದಲ್ಲಿ ಹತ್ತಿ, ಕಡಲೆ ಹೊಲಗಳ ಮೇಲೆ ತೀರಾ ಕೆಳಗೆ ತೇಲುತ್ತಾ ಹೋಗುವ ಉದ್ದ ರೆಕ್ಕೆಯ ಸೆಳೆವಗಳನ್ನು ನೋಡಿ. ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ ಬಂದು ನಮ್ಮ ಹೊಲದ ಮಿಡತೆ ತಿನ್ನುವ ಅತಿಥಿಗಳು ಅವು. ಒಂದು ಕಾಲಕ್ಕೆ ರೋಳ್ಳಪಾಡಿನ ಹುಲ್ಲಿನಲ್ಲಿ ರಾತ್ರಿ ತಂಗಲು ನೂರಾರು ಸೇರುತ್ತಿದ್ದವು. ಜೋಳ ಹಾಲುಗಾಳಾದಾಗ ಮೋಡದಂತೆ ಇಳಿಯುವ ಗುಲಾಬಿ ಕಬ್ಬಕ್ಕಿಯನ್ನು ಕವಣೆ ಬೀಸಿದವರೆಲ್ಲ ಬಲ್ಲರು. ಜೋಳ ಕಡಿಮೆಯಾದ ಊರಿನಲ್ಲಿ ಅದೂ ಕಡಿಮೆಯಾಯಿತೇ? ಬರೆದಿಟ್ಟವರೇ ಹೇಳಬೇಕು. ಟಿಟ್ಟಿಭ ದಿಬ್ಬದ ಮೇಲೆ ಮೊಟ್ಟೆಯಿಟ್ಟರೆ ಮಳೆ ಜೋರು, ತಗ್ಗಿನಲ್ಲಿಟ್ಟರೆ ಬರ ಎಂಬ ಮಾತಿದೆ. ನನಗೆ ಅಷ್ಟು ನಂಬಿಕೆಯಿಲ್ಲ, ಆದರೆ ಹತ್ತು ವರ್ಷ ಮೊಟ್ಟೆಯ ಜಾಗ, ಮಳೆ ಎರಡನ್ನೂ ಬರೆದವರ ಎದುರು ನಾನು ವಾದ ಮಾಡುವುದಿಲ್ಲ.

ಹೊಲದ ಪಟ್ಟಿ ಮಾಡುವುದು ಗುರುಗಳಿಗೆ ತಕ್ಕ ಕೆಲಸವೇ ಎಂದು ಹುಬ್ಬೇರಿಸುವವರು ಇರಬಹುದು. ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿದ್ದ ಯೇಸುಸಭೆಯ ಫಾದರ್ ಸೆಸಿಲ್ ಸಲ್ಡಾನ್ಹಾ ಹಾಸನ ಜಿಲ್ಲೆಯ ಗಿಡಮರಗಳನ್ನು ವರ್ಷಗಟ್ಟಲೆ ಸುತ್ತಾಡಿ ಸಂಗ್ರಹಿಸಿ, ಅಮೆರಿಕದ ಡ್ಯಾನ್ ನಿಕೋಲ್ಸನ್ ಜೊತೆಗೂಡಿ 1976ರಲ್ಲಿ ಪ್ರಕಟಿಸಿದ ಗ್ರಂಥವನ್ನು ಸಸ್ಯ ಹುಡುಕುವವರು ಇಂದಿಗೂ ತೆರೆದು ನೋಡುತ್ತಾರೆ. ನಮಗೆ ಒಂದು ಜಿಲ್ಲೆ ಬೇಡ, ಒಂದು ಹೊಲ ಸಾಕು.

ಮಕ್ಕಳಿಗೆ ಮೊಬೈಲ್ ಬಿಡಿಸಲಾಗದಿದ್ದರೆ ಅದನ್ನೇ ಈ ಕೆಲಸಕ್ಕೆ ಹಚ್ಚಿ. ಇ-ಬರ್ಡ್‌ನಲ್ಲಿ ಹಕ್ಕಿಗಳನ್ನು, ಐನ್ಯಾಚುರಲಿಸ್ಟ್‌ನಲ್ಲಿ ಯಾವುದೇ ಜೀವಿಯ ಚಿತ್ರವನ್ನು ಪುಕ್ಕಟೆಯಾಗಿ ದಾಖಲಿಸಬಹುದು. ಮರ್ಲಿನ್ ಎಂಬ ಆಪ್ ಕೂಗು ಕೇಳಿಯೇ ಹಕ್ಕಿಯ ಹೆಸರು ಸೂಚಿಸುತ್ತದೆ. ಅದು ಹೇಳಿದ್ದೆಲ್ಲ ವೇದವಾಕ್ಯವಲ್ಲ, ಕಣ್ಣಿನಿಂದ ನೋಡಿದ ಮೇಲೆಯೇ ಬರೆಯಬೇಕು. ಗೂಡಿನ ಹತ್ತಿರ ಹೋಗಿ ಚಿತ್ರ ತೆಗೆಯಬೇಡಿ. ಅಪರೂಪದ ಪ್ರಾಣಿ ಕಂಡ ಜಾಗವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಬೇಟೆಗಾರರೂ ಅದರಲ್ಲಿರುತ್ತಾರೆ. ಹಾವಿನ ಚಿತ್ರವನ್ನು ನಾಲ್ಕು ಮಾರು ದೂರದಿಂದಲೇ ತೆಗೆಯಿರಿ.

ಪ್ರತಿ ಫೆಬ್ರವರಿಯ ನಡುವೆ ನಾಲ್ಕು ದಿನ ಜಗತ್ತಿನಾದ್ಯಂತ ಹಕ್ಕಿ ಎಣಿಕೆ ನಡೆಯುತ್ತದೆ. ಭಾರತ 2013ರಿಂದ ಅದರಲ್ಲಿದೆ. ಒಂದು ಜಾಗದಲ್ಲಿ ಕನಿಷ್ಠ ಹದಿನೈದು ನಿಮಿಷ ನಿಂತು ಕಂಡ, ಕೇಳಿದ ಎಲ್ಲ ಹಕ್ಕಿಗಳನ್ನೂ ಎಣಿಸಿ ಬರೆದರೆ ಆಯಿತು. ಆ ದಿನಗಳಲ್ಲಿ ಒಂದು ಭಾನುವಾರವೂ ಬರುತ್ತದೆ. ಪೂಜೆ ಮುಗಿಸಿ ಊರಿಗೆ ಹೋಗುವಾಗ ಧರ್ಮೋಪದೇಶದ ತರಗತಿಯ ಮಕ್ಕಳನ್ನು ಒಂದು ಕೆರೆಯ ಏರಿಯ ಮೇಲೆ ಹದಿನೈದು ನಿಮಿಷ ನಿಲ್ಲಿಸಿ. ಪಟ್ಟಿಯನ್ನು ಧರ್ಮಕೇಂದ್ರದ ಕಚೇರಿಗೆ ತಂದುಕೊಡಿ, ಎಲ್ಲ ಊರುಗಳದ್ದನ್ನೂ ಒಂದೇ ರಟ್ಟಿನ ಪುಸ್ತಕಕ್ಕೆ ಬರೆದಿಡೋಣ. ಕನ್ನಡದ ಹೆಸರು ಒಂದು ಕಡೆ, ತೆಲುಗಿನದು ಅದರ ಪಕ್ಕದಲ್ಲಿ.