ಮೈತೂಕವೂ ಮೂಗಿನ ಬೇನೆಯೂ

'ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ' ಎಂಬುದು ನಮ್ಮ ಹಿರಿಯರ ಮಾತು. ನೆಗಡಿಯು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಮೂಗು ಕಟ್ಟುವುದು, ಸಿಂಬಳ ಸುರಿಯುವುದು, ಮುಖ ಭಾರವಾಗುವುದು, ವಾಸನೆ ತಿಳಿಯದಿರುವುದು ಮೊದಲಾದ ತೊಂದರೆಗಳು 12 ವಾರಗಳಾದರೂ ನಿಲ್ಲದಿದ್ದರೆ, ಅದು ದೀರ್ಘಕಾಲದ ಸೈನಸ್ ಉರಿಯೂತವಿರಬಹುದೆಂದು ವೈದ್ಯರು ಶಂಕಿಸುತ್ತಾರೆ. ಈ ಬೇನೆಗೂ ದೇಹದ ತೂಕಕ್ಕೂ ನಂಟುಂಟೆಂದರೆ ಆಶ್ಚರ್ಯವಾಗಬಹುದು.

ನಮ್ಮ ಮೂಗಿನ ಸುತ್ತಲಿನ ಮೂಳೆಗಳಲ್ಲಿ ಗಾಳಿ ತುಂಬಿದ ನಾಲ್ಕು ಜೊತೆ ಟೊಳ್ಳುಗಳಿವೆ. ಇವೇ ಸೈನಸ್‌ಗಳು. ಇವುಗಳಲ್ಲಿ ಕೆನ್ನೆಯ ಸೈನಸ್ಸನ್ನು ಇಂಗ್ಲೆಂಡಿನ ವೈದ್ಯನಾದ ನಥೇನಿಯಲ್ ಹೈಮೋರ್ 1651ರಲ್ಲಿ ವಿವರವಾಗಿ ವರ್ಣಿಸಿದನು. ಸೈನಸ್‌ಗಳ ಒಳಮೈಯನ್ನು ತೆಳುವಾದ ಲೋಳೆಪೊರೆಯು ಆವರಿಸಿದೆ. ಅದರ ಮೇಲಿರುವ ಸೂಕ್ಷ್ಮವಾದ ಲೋಮಾಂಗಗಳು ಎಡೆಬಿಡದೆ ಬಡಿಯುತ್ತ, ಧೂಳು ಮತ್ತು ರೋಗಾಣುಗಳು ಅಂಟಿದ ಲೋಳೆಯನ್ನು ಮೂಗಿನತ್ತ ತಳ್ಳುತ್ತವೆ. ಕೆನ್ನೆಯ ಸೈನಸ್ಸಿನ ಬಾಗಿಲು ಅದರ ಮೇಲ್ಭಾಗದಲ್ಲಿದೆ. ಆದುದರಿಂದ ಲೋಳೆಯನ್ನು ಬಾವಿಯ ನೀರಿನಂತೆ ಮೇಲಕ್ಕೆತ್ತಬೇಕಾಗುತ್ತದೆ. ಪೊರೆಯು ಊದಿಕೊಂಡರೆ ಈ ಕಿರುಬಾಗಿಲು ಮುಚ್ಚಿ, ಲೋಳೆಯು ಒಳಗೇ ನಿಲ್ಲುತ್ತದೆ.

ಕೊಬ್ಬು ಕೇವಲ ಶಕ್ತಿಯ ಉಗ್ರಾಣವೆಂದು ಬಹುಕಾಲ ಭಾವಿಸಲಾಗಿತ್ತು. 1994ರಲ್ಲಿ ಅಮೆರಿಕದ ವಿಜ್ಞಾನಿ ಜೆಫ್ರಿ ಫ್ರೀಡ್‌ಮನ್ ಮತ್ತು ಅವರ ಸಂಗಡಿಗರು, ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಇದು ಹಸಿವನ್ನು ಹದದಲ್ಲಿಡುವುದಲ್ಲದೆ ರೋಗನಿರೋಧಕ ಕೋಶಗಳನ್ನೂ ಪ್ರಚೋದಿಸುತ್ತದೆ. ಬೊಜ್ಜು ಬೆಳೆದಂತೆ ಇಂತಹ ಪ್ರಚೋದಕ ದ್ರವ್ಯಗಳು ಹೆಚ್ಚುತ್ತವೆ. ಉರಿಯೂತವನ್ನು ತಣಿಸುವ ಅಡಿಪೊನೆಕ್ಟಿನ್ ಕುಗ್ಗುತ್ತದೆ. ಹೀಗೆ ದೇಹದಲ್ಲೆಲ್ಲ ಬೂದಿ ಮುಚ್ಚಿದ ಕೆಂಡದಂತಹ ಮಂದ ಉರಿಯೂತವೊಂದು ನೆಲೆಸುತ್ತದೆ. ಇದರ ಪ್ರಭಾವ ಮೂಗಿನ ಪೊರೆಗೂ ತಟ್ಟಬಹುದೆಂಬುದು ವಿಜ್ಞಾನಿಗಳ ಊಹೆ.

ಅಮೆರಿಕ, ದಕ್ಷಿಣ ಕೊರಿಯ ಮುಂತಾದ ದೇಶಗಳ ಆರೋಗ್ಯ ಸಮೀಕ್ಷೆಗಳಲ್ಲಿ, ಸ್ಥೂಲಕಾಯರಲ್ಲಿ ಈ ಬೇನೆಯು ಹೆಚ್ಚಾಗಿ ಕಂಡುಬಂದಿದೆ. ಆದರೆ ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವೆಂದು ತೀರ್ಮಾನಿಸಲಾಗದು. ಮೂಗು ಕಟ್ಟಿದವನಿಗೆ ನಿದ್ರೆ ಕೆಡುತ್ತದೆ, ವ್ಯಾಯಾಮಕ್ಕೆ ಉತ್ಸಾಹವಿರುವುದಿಲ್ಲ. ಚಿಕಿತ್ಸೆಗಾಗಿ ಪದೇ ಪದೇ ಸೇವಿಸುವ ಸ್ಟೀರಾಯ್ಡ್ ಮಾತ್ರೆಗಳೂ ತೂಕವನ್ನು ಹೆಚ್ಚಿಸಬಲ್ಲವು. ಆದ್ದರಿಂದ ಬೇನೆಯೇ ಬೊಜ್ಜಿಗೆ ದಾರಿಯಾಗಲೂಬಹುದು. ಅಲ್ಲದೆ ಅಲರ್ಜಿ, ಹೊಗೆಸೊಪ್ಪಿನ ಸೇವನೆ ಮುಂತಾದವು ತೆಳ್ಳಗಿನವರನ್ನೂ ಬಿಡುವುದಿಲ್ಲ.

ತೂಕವು ಹೆಚ್ಚೇ ಎಂದು ಅರಿಯಲು ಸುಲಭವಾದ ಲೆಕ್ಕವೊಂದಿದೆ. ಕಿಲೋಗ್ರಾಂಗಳಲ್ಲಿನ ತೂಕವನ್ನು ಮೀಟರುಗಳಲ್ಲಿನ ಎತ್ತರದ ವರ್ಗದಿಂದ ಭಾಗಿಸಬೇಕು. 1.6 ಮೀಟರ್ ಎತ್ತರದ, 64 ಕಿಲೋಗ್ರಾಂ ತೂಕದ ವಯಸ್ಕನ ಸೂಚ್ಯಂಕವು 25 ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 25ರಿಂದ ಅಧಿಕ ತೂಕವೆಂದೂ 30ರಿಂದ ಬೊಜ್ಜೆಂದೂ ಗಣಿಸುತ್ತದೆ. ಭಾರತೀಯರಲ್ಲಿ ಅಷ್ಟೇ ತೂಕಕ್ಕೆ ಕೊಬ್ಬಿನಂಶ ಹೆಚ್ಚಿರುವುದರಿಂದ, ನಮ್ಮ ವೈದ್ಯರು ಈ ಮಿತಿಗಳನ್ನು 23 ಮತ್ತು 25ಕ್ಕೆ ಇಳಿಸಿದ್ದಾರೆ. ಬೆಳೆಯುವ ಮಕ್ಕಳಿಗೆ ವಯಸ್ಸಿಗನುಗುಣವಾದ ಬೇರೆ ಅಳತೆಗಳಿವೆ.

ಸ್ಥೂಲಕಾಯರನ್ನು ಹಾಸ್ಯ ಮಾಡುವುದು ಯಾವ ರೋಗಕ್ಕೂ ಮದ್ದಲ್ಲ. ಹಿತಮಿತವಾದ ಆಹಾರ, ದಿನನಿತ್ಯದ ನಡಿಗೆ, ಸಾಕಷ್ಟು ನಿದ್ರೆ ಇವು ಎಲ್ಲರಿಗೂ ಬೇಕು. ಆದರೆ ಮೂಗಿನ ಬೇನೆಯು ತಿಂಗಳುಗಟ್ಟಲೆ ಕಾಡುತ್ತಿದ್ದರೆ, ತೂಕ ಇಳಿಯಲೆಂದು ಕಾಯದೆ ವೈದ್ಯರನ್ನು ಕಾಣುವುದೇ ವಿವೇಕ. ದೇಹದ ಅಂಗಗಳು ಒಂದೇ ಮನೆಯ ಮಂದಿಯಿದ್ದಂತೆ. ಒಬ್ಬರ ನೋವು ಮತ್ತೊಬ್ಬರನ್ನು ಮುಟ್ಟದೆ ಇರದು.